ಕತ್ತರಿಸಿದ ಅಂಚು

ಕಡಗಂಚಿಯ ಗೆಳೆಯರೊಬ್ಬರು ಹಳೆಯ ಸಿನಿಮಾ ಪತ್ರಿಕೆಗಳ ಮುಖಪುಟಗಳನ್ನೂ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲುಗಳನ್ನೂ ಕೂಡಿಟ್ಟಿದ್ದಾರೆ. ಮೊನ್ನೆ ಅವರ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಕಳೆದೆ. ಗೋಡೆಯ ತುಂಬ ಕಟ್ಟು ಹಾಕಿಸಿದ ಚಿತ್ರಗಳು, ಎಸ್. ಎಂ. ಪಂಡಿತರು ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಬರೆದ ಮುಖಪುಟವೂ ಅವುಗಳಲ್ಲೊಂದು.

ಪಂಡಿತರು ಈ ಸೀಮೆಯವರೇ; 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಮಾಡಿ, 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರು. ಅವರ ಕುಂಚದ ದೋಷ ನನಗೆ ಕಾಣದೆ ಇಲ್ಲ: ಕ್ಯಾಲೆಂಡರಿನ ದೇವಿಗೂ ಬೆಳ್ಳಿತೆರೆಯ ತಾರೆಗೂ ಒಂದೇ ಬೆಳಕು, ಒಂದೇ ಮೈತುಂಬಿದ ನಿಲುವು. ಆದರೂ ಕಪ್ಪು-ಬಿಳುಪಿನ ಚಿತ್ರ ನೋಡಹೊರಟವನಿಗೆ ಬಣ್ಣ ದೊರಕುತ್ತಿದ್ದುದು ಇಂಥ ಹಾಳೆಯಲ್ಲಿಯೇ. ತೆರೆ ಕೊಡಲಾರದುದನ್ನು ಆ ಬೆಳಕು ಕೊಡುತ್ತಿತ್ತು.

ನನ್ನ ತಕರಾರು ಚಿತ್ರಕಾರರ ಮೇಲಲ್ಲ, ಕಟ್ಟಿನ ಮೇಲೆ. ಹ್ಯಾಂಡ್‌ಬಿಲ್ಲುಗಳ ಕೆಳಗಿನ ಅಂಚನ್ನು ಕಟ್ಟು ಹಾಕುವವನು ಅಂದಕ್ಕೆಂದು ಕತ್ತರಿಸಿದ್ದಾನೆ, ಗೆಳೆಯರು ಸುಮ್ಮನಿದ್ದಾರೆ. ಊರು, ತಾರೀಖು, ಟಿಕೀಟಿನ ದರ, ಅಚ್ಚುಕೂಟದ ಹೆಸರು ಇರುತ್ತಿದ್ದುದೇ ಅಲ್ಲಿ! ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಅದರ ಪ್ರತಿ ಉಳಿದಿಲ್ಲ. ಅಂಥ ಚಿತ್ರದ ಪರವಾಗಿ ಸಾಕ್ಷಿ ಹೇಳಬೇಕಾದುವು ಫೋಟೋ, ಜಾಹೀರಾತು, ಚೂರು ಕಾಗದಗಳೇ. ಕಂಪನಿ ನಾಟಕವಂತೂ ಪರದೆ ಬಿದ್ದ ರಾತ್ರಿಯೇ ಮುಗಿಯುವಂಥದು. ಯಾವ ಊರಿನಲ್ಲಿ, ಯಾವ ಶನಿವಾರ ಆಡಿದರೆಂಬುದಕ್ಕೆ ಆ ಅಂಚಿಗಿಂತ ಬೇರೆ ದಾಖಲೆ ಎಷ್ಟೋ ಸಲ ಇರುವುದಿಲ್ಲ.

ಇಷ್ಟನ್ನೂ ಹೇಳಿಯೇಬಿಟ್ಟೆ. ಗೆಳೆಯರು ಬೇಸರಪಡಲಿಲ್ಲ. “ಆ ಚೂರು ಅಂವನ ಅಂಗಡ್ಯಾಗ ಇನ್ನೂ ಬಿದ್ದಿರಬಹುದೇನ್ರಿ?” ಎಂದು ಕೇಳುತ್ತಲೇ ಚಪ್ಪಲಿ ಮೆಟ್ಟಿದರು. ಅಂಗಡಿ ಇರುವುದು ಆಳಂದದಲ್ಲಿ. ನಾನೂ ಬಸ್ಸು ಹತ್ತಿದೆ.