ಹೈಫನ್ನಿನ ಮುಂದಿನ ಅಕ್ಷರ

ಈ ಶತಮಾನದ ಆದಿಭಾಗದಲ್ಲಿ, ಬಳಸಿದ ಕಂಪ್ಯೂಟರುಗಳನ್ನು ಪರದೇಶದಿಂದ ತರಿಸಿ, ಲಿನಕ್ಸ್ ಅಳವಡಿಸಿ, ಗೋವೆಯ ಶಾಲೆಗಳಿಗೆ ಹಂಚಿದ ‘ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್’ ಎಂಬ ಯೋಜನೆಯಿಂದಾಗಿ ಆ ತಂತ್ರಾಂಶದ ಹೆಸರು ಇಲ್ಲಿನ ತರಗತಿಗಳನ್ನು ಹೊಕ್ಕಿತು. ಲಿನಕ್ಸ್ ಬಂದ ಮೇಲೆ ಆಜ್ಞೆಗಳನ್ನು ಟೈಪಿಸುವ ಕಮಾಂಡ್ ಲೈನೂ, ಅದರ ಬೆನ್ನಿಗೇ ‘ಆಪ್ಶನ್’ಗಳೆಂಬ ಹೈಫನ್ ಹಿಡಿದ ಒಂಟಿ ಅಕ್ಷರಗಳೂ ಬಾರದಿರವು. ಆ ಅಕ್ಷರಗಳ ಔಚಿತ್ಯವಿಚಾರವೇ ಈ ವಾರದ ವಿಷಯ.

ವಾಸ್ಕೊದ ಶಾಲೆಯೊಂದರ ಮಕ್ಕಳ ಹೆಸರು, ಊರು, ತರಗತಿಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದಿಟ್ಟ ಫೈಲೊಂದು ಇದೆಯೆನ್ನಿ. ಅಲ್ಪವಿರಾಮವೇ ಇಲ್ಲಿ ಗಡಿಯೆಂದು, ಅಂಕಣಗಳನ್ನು ಕತ್ತರಿಸಿ ಕೊಡುವ ‘ಕಟ್’ ಎಂಬ ಪ್ರೋಗ್ರಾಮಿಗೆ ತಿಳಿಸಲು ಹೈಫನ್ ಡಿ ಬೇಕು, ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟ್’ಗಾದರೆ ಹೈಫನ್ ಟಿ, ಏಕೆಂದರೆ ಅಲ್ಲಿ ಡಿ ಎಂದರೆ ನಿಘಂಟಿನ ಕ್ರಮ, ಪಠ್ಯವನ್ನು ಸಂಸ್ಕರಿಸುವ ‘ಆಕ್’ಗೋ ದೊಡ್ಡ ಎಫ್! ಮೂರೂ ಯೂನಿಕ್ಸ್ ಮನೆತನದವೇ. ದೂರದ ಯಂತ್ರವನ್ನು ಪ್ರವೇಶಿಸುವ ‘ಎಸ್ಎಸ್ಎಚ್’ನಲ್ಲಿ ಪೋರ್ಟ್ ಸಂಖ್ಯೆಗೆ ಚಿಕ್ಕ ಪಿ ಆದರೆ, ಫೈಲುಗಳನ್ನು ನಕಲಿಸುವ ಅದರ ಸೋದರನಾದ ‘ಎಸ್‌ಸಿಪಿ’ಯಲ್ಲಿ ದೊಡ್ಡ ಪಿ, ಹಳೆಯ ‘ಆರ್‌ಸಿಪಿ’ಯಿಂದ ಬಂದ ಚಿಕ್ಕ ಪಿ ಅಲ್ಲಿ ಫೈಲಿನ ಕಾಲಮುದ್ರೆಯನ್ನು ಕಾಪಾಡುವ ಕೆಲಸಕ್ಕೆ ಮೊದಲೇ ನಿಯುಕ್ತವಾಗಿತ್ತು. ಇದನ್ನರಿಯದೆ ಚಿಕ್ಕ ಪಿ ಬರೆದು ಮುಂದೆ 2222 ಎಂದು ಹಾಕಿದವನಿಗೆ, ಆ ಹೆಸರಿನ ಫೈಲೇ ಇಲ್ಲವೆಂಬ ಉತ್ತರ ದೊರೆಯುತ್ತದೆ.

ಒಂದೇ ಅಕ್ಷರಕ್ಕೆ ಎರಡು ಅರ್ಥ ಬರುವುದು ಯಂತ್ರಯುಗದ ದೋಷವಷ್ಟೇ ಅಲ್ಲ. ಮಿತಾಕ್ಷರತೆಯ ಪರಮಾಚಾರ್ಯನಾದ ಪಾಣಿನಿಯ ಅಷ್ಟಾಧ್ಯಾಯಿಗೆ ಮುನ್ನುಡಿಯಂತಿರುವ 14 ಮಾಹೇಶ್ವರ ಸೂತ್ರಗಳಲ್ಲಿ, ಮೊದಲನೆಯದರ ಕೊನೆಗೂ ಆರನೆಯದರ ಕೊನೆಗೂ ಣಕಾರವೇ ಗುರುತಾಗಿ ನಿಂತಿರುವುದರಿಂದ, ‘ಅಣ್’ ಎಂದಾಗ ಯಾವ ಣಕಾರದವರೆಗೆ ಗ್ರಹಿಸಬೇಕೆಂಬ ಸಂದೇಹ ತಲೆದೋರಿ, ಪತಂಜಲಿಯೇ ಮೊದಲಾದವರು ಅದನ್ನು ಪರಿಹರಿಸಬೇಕಾಯಿತು. ಪಾಣಿನಿಗೆ ಪತಂಜಲಿಯಿದ್ದನು, ರಾತ್ರೋರಾತ್ರಿ ಪ್ರೋಗ್ರಾಮ್ ಬರೆದು ಹಂಚುವ ನಮ್ಮ ತರುಣರಿಗೆ ಯಾರಿದ್ದಾರೆ?

ಹಾಗೆಂದು ಶಾಸ್ತ್ರವೇ ಇಲ್ಲವೆಂದಲ್ಲ. ಆಪ್ಶನ್‌ಗಳನ್ನು ಏಕರೀತಿಯಲ್ಲಿ ಬಿಡಿಸಿ ಓದುವ ‘ಗೆಟ್‌ಆಪ್ಟ್’ ಅನ್ನು ಎಟಿ ಆಂಡ್ ಟಿ ಸಂಸ್ಥೆ 1985ರಲ್ಲಿಯೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಪೋಸಿಕ್ಸ್ ಮಾನಕ ಅಕ್ಷರಗಳ ಬಳಕೆಗೆ ವಿಧಿಗಳನ್ನು ಬರೆದಿಟ್ಟಿತು. ಗ್ನೂ ಪಂಥದವರು ಎರಡು ಹೈಫನ್ನುಗಳ ಮುಂದೆ ಪೂರ್ಣ ಪದವನ್ನೇ ಬರೆಯುವ ಪದ್ಧತಿಯನ್ನು ರೂಢಿಗೆ ತಂದು, ‘ಹೆಲ್ಪ್’ ಮತ್ತು ‘ವರ್ಷನ್’ ಎಂಬೆರಡು ಎಲ್ಲ ಪ್ರೋಗ್ರಾಮುಗಳಲ್ಲಿಯೂ ಇರತಕ್ಕದ್ದೆಂದರು. ಇವೆಲ್ಲವುಗಳಲ್ಲಿ ಈ ಕೊನೆಯದೇ ನನಗೆ ಶ್ರೇಷ್ಠವೆನಿಸಿದೆ: ಬೆರಳಿಗೆ ನಾಲ್ಕು ಅಕ್ಷರಗಳ ಶ್ರಮ ಹೆಚ್ಚಾದರೂ, ಆರು ತಿಂಗಳ ಬಳಿಕ ಆ ಸಾಲನ್ನು ಓದುವವನಿಗೆ ಕೈಪಿಡಿ ತೆರೆಯುವ ಕೆಲಸ ತಪ್ಪುತ್ತದೆ.

ಫರ್ಮಾಗುಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಝುವಾರಿನಗರದ ಬಿಟ್ಸ್‌ನಲ್ಲಿಯೋ ಕುಳಿತು ಹೊಸತೊಂದನ್ನು ಬರೆಯುತ್ತಿರುವ ವಿದ್ಯಾರ್ಥಿಗಳು, ಅಕ್ಷರವನ್ನು ಆರಿಸುವ ಮುನ್ನ ನೆರೆಹೊರೆಯ ಪ್ರೋಗ್ರಾಮುಗಳಲ್ಲಿ ಅದಕ್ಕೇನು ಅರ್ಥವಿದೆಯೆಂದು ದಯವಿಟ್ಟು ನೋಡಲಿ. ಯಾವುದೂ ಹೊಂದದಿದ್ದರೆ ಉದ್ದನೆಯ ಹೆಸರೊಂದನ್ನೇ ಇಟ್ಟು ಸುಮ್ಮನಾಗಲಿ.