ಬೀಗದ ಕೈ ಇದ್ದವನ ಅವಮಾನ

ಗಾಂಧಿನಗರದ ಲೆಕ್ಕ ಬಹುಕಾಲ ಸರಳವಾಗಿತ್ತು. ದಾರಿ ತಪ್ಪಿದ ಗಂಡನಿಗೆ ಇಂಟರ್ವಲ್ ಕಳೆದ ಮೇಲೆ ಬುದ್ಧಿ ಬರಬೇಕು. ದಾರಿ ತಪ್ಪಿದ ಹೆಂಡತಿ ಕ್ಲೈಮ್ಯಾಕ್ಸಿನ ಹೊತ್ತಿಗೆ ಇಲ್ಲವಾಗಬೇಕು. ಎರಡು ಮನೆ ನಡೆಸುವವನ ಪೇಚಾಟಕ್ಕೆ ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ನಾವೆಲ್ಲ ಬಿದ್ದುಬಿದ್ದು ನಕ್ಕವರೇ. 1973ರಲ್ಲಿ ಪುಟ್ಟಣ್ಣ ಕಣಗಾಲ್, ಭಾರತೀಸುತರ ಕಾದಂಬರಿ ಹಿಡಿದು 'ಎಡಕಲ್ಲು ಗುಡ್ಡದ ಮೇಲೆ' ಮಾಡಿದಾಗ ಜಯಂತಿಯ ಮಾಧವಿ ಈ ಲೆಕ್ಕವನ್ನು ಕೊಂಚ ಕಲಕಿದಳು. ಆದರೆ ಗಂಡನ ಒಳಗನ್ನು ಬಿಚ್ಚಿ ತೋರಿಸಿದ ಚಿತ್ರ ಯಾವುದು ಎಂದು ಕೇಳಿದರೆ ನಾನು ಹೇಳುವುದು ಟಿ.ಎಸ್. ನಾಗಾಭರಣರ 'ನಾಗಮಂಡಲ' (1997).

ಗಿರೀಶ ಕಾರ್ನಾಡರ ನಾಟಕ ಓದಿದವರಿಗೆ ಕತೆ ಗೊತ್ತು. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಒಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕಷ್ಟೇ ಬರುತ್ತಾನೆ. ರಾತ್ರಿ ಅವನದೇ ರೂಪ ತಾಳಿ ನಾಗ ಬರುತ್ತದೆ. ಹೆಂಡತಿ ಬಸಿರಾದಳೆಂದು ತಿಳಿದ ಗಳಿಗೆಯಲ್ಲಿ ಅಪ್ಪಣ್ಣನಿಗೆ ಆಗುವುದು ನೋವಲ್ಲ, ಕಳವು. ಬೀಗದ ಕೈ ತನ್ನ ಸೊಂಟದಲ್ಲೇ ಇದ್ದೂ ಮನೆಯೊಳಗೆ ಯಾರೋ ಹೊಕ್ಕರಲ್ಲ ಎಂಬ ಅವಮಾನ. ಅದಕ್ಕೇ ಅವನು ಪಂಚಾಯಿತಿ ಸೇರಿಸುತ್ತಾನೆ. ಪ್ರೀತಿಸಿದವನಾಗಿದ್ದರೆ ಬಾಗಿಲು ಹಾಕಿಕೊಂಡು ಜಗಳವಾಡುತ್ತಿದ್ದ, ಅಳುತ್ತಿದ್ದ. ಪ್ರತಿಷ್ಠೆಗೆ ಮಾತ್ರ ಊರ ಜನ ಬೇಕು.

ಬೇಡವೆಂದೂ ಉಂಟು. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯ ದೊರೆ ಹೆಂಡತಿ ಅಮೃತಮತಿಯನ್ನು ಮಾವುತನ ಜೊತೆ ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆಮೇಲೆ ವಿನೋದವೆಂಬಂತೆ ನೈದಿಲೆಯಿಂದ ಹೊಡೆಯುತ್ತಾನೆ. ತಾಯಿಯ ಮುಂದೆ ಕೂಡ ಕಂಡದ್ದನ್ನು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ಆ ಸುಳ್ಳಿನಿಂದಲೇ ಹಿಟ್ಟಿನ ಕೋಳಿಯ ಬಲಿ, ಅದರ ಬೆನ್ನಿಗೆ ವಿಷ. ಅಪ್ಪಣ್ಣ ಊರೆಲ್ಲ ಕೂಗುತ್ತಾನೆ, ಯಶೋಧರ ಹೆತ್ತವಳಿಗೂ ಬಾಯಿ ಬಿಡುವುದಿಲ್ಲ. ಹೆಂಡತಿಯನ್ನು ನೇರ ಕೂರಿಸಿಕೊಂಡು ಮಾತಾಡುವುದು ಇಬ್ಬರಿಗೂ ಆಗದು.

ನಮ್ಮ ಕಾನೂನೂ ಅಪ್ಪಣ್ಣನದೇ ಜಾತಿಯದ್ದಾಗಿತ್ತು. ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ಹೆಂಡತಿಯ ಜೊತೆಗಾರನ ಮೇಲೆ ಗಂಡ ದೂರು ಕೊಡಬಹುದಿತ್ತು. ಗಂಡ ಯಾರ ಮನೆಗೆ ಹೋದರೂ ಹೆಂಡತಿಗೆ ಆ ದಾರಿ ಇರಲಿಲ್ಲ. ಗಂಡನೇ ಒಪ್ಪಿದ್ದರೆ ಅದು ಅಪರಾಧವೇ ಅಲ್ಲ. ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 2018ರಲ್ಲಿ.

'ನಾಗಮಂಡಲ'ದ ಜಾಣತನ ಇರುವುದು ದಿವ್ಯದಲ್ಲಿ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ರಾಣಿ ಹಾವು ಹಿಡಿದು ಆಣೆ ಮಾಡುತ್ತಾಳೆ. ಒಂದಕ್ಷರವೂ ಸುಳ್ಳಲ್ಲ. ಹಾವು ಕಚ್ಚುವುದಿಲ್ಲ, ಜನ ಅವಳನ್ನು ದೇವಿ ಎನ್ನುತ್ತಾರೆ, ಅಪ್ಪಣ್ಣ ಕಾಲಿಗೆ ಬೀಳುತ್ತಾನೆ. ತಾನು ಅವಳನ್ನು ಕೂಡಿಲ್ಲವೆಂಬುದು ಅವನೊಬ್ಬನಿಗೆ ಗೊತ್ತು! ಹೆಂಡತಿಗೆ ಬಗ್ಗಲಾರದವನು ದೇವಿಗೆ ಬಗ್ಗುತ್ತಾನೆ, ಏಕೆಂದರೆ ಅದರಲ್ಲಿ ಮಾನ ಹೋಗುವುದಿಲ್ಲ.

ನನ್ನ ತಕರಾರೂ ಇಲ್ಲೇ. ಗಂಡನಿಗೂ ನಾಗನಿಗೂ ಪ್ರಕಾಶ್ ರೈ ಒಬ್ಬರದೇ ಮುಖ. ರಾಣಿಗೆ ಗೊತ್ತಿರಲಿಲ್ಲ ಎಂಬ ರಿಯಾಯಿತಿಯಲ್ಲಿ ಪ್ರೇಕ್ಷಕ ಅವಳನ್ನು ಆರಾಮಾಗಿ ಕ್ಷಮಿಸಿ ಎದ್ದು ಹೋಗುತ್ತಾನೆ. ಗೊತ್ತಿದ್ದೂ ಬಾಗಿಲು ತೆರೆದಿದ್ದರೆ? ಆ ಪ್ರಶ್ನೆಯ ಹತ್ತಿರಕ್ಕೆ ಬರುವುದು ನಾಟಕ. ಅಲ್ಲಿ ಕಾರ್ನಾಡರು ಒಂದು ಮುಕ್ತಾಯಕ್ಕೆ ತೃಪ್ತರಾಗದೆ ಇನ್ನೊಂದು, ಮತ್ತೊಂದು ಕೊಡುತ್ತಾರೆ. ಕೊನೆಯದರಲ್ಲಿ ಹಾವು ಸತ್ತಿರುವುದಿಲ್ಲ. ಗಂಡ ಅದನ್ನು ಕೊಲ್ಲಲು ಹೊರಗೆ ಹುಡುಕುತ್ತಿರುವಾಗ, ರಾಣಿ ಎಲ್ಲ ತಿಳಿದೇ, ಅದನ್ನು ತನ್ನ ಕೂದಲೊಳಗೆ ಸೇರಿಸಿಕೊಳ್ಳುತ್ತಾಳೆ.