ಮನಿ ಪ್ಲಾಂಟನ್ನು ಬಾಟಲಿಯಿಂದ ಬಿಡಿಸಿ

ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮನಿ ಪ್ಲಾಂಟ್ ಇಲ್ಲದ ಮನೆ ಹುಡುಕುವುದು ಕಷ್ಟ. ಟಿ.ವಿ. ಪಕ್ಕ, ಫ್ರಿಜ್ಜಿನ ಮೇಲೆ, ಬಚ್ಚಲಿನ ಕಿಟಕಿಯಲ್ಲಿ ಹಳೆಯ ಬಾಟಲಿಯ ನೀರಿಗೆ ಬೇರು ಇಳಿಬಿಟ್ಟುಕೊಂಡು ನಾಲ್ಕೈದು ಎಲೆ ನಿಂತಿರುತ್ತವೆ. ಬೆಂಗಳೂರಿನ ನಮ್ಮ ನೆಂಟರ ಮನೆಗಳಲ್ಲೂ ಇದೇ ನೋಟ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: ಇದಕ್ಕೆ ಮಣ್ಣು ಬೇಡ, ಬೆಳಕು ಬೇಡ, ಮೇಲಾಗಿ ಮನೆಯ ಗಾಳಿ ಶುದ್ಧ ಮಾಡುತ್ತದೆ. ಈ ಮಾತುಗಳಲ್ಲಿ ಒಂದನ್ನೂ ನಾನು ಒಪ್ಪುವುದಿಲ್ಲ.

ಗಾಳಿಯ ಮಾತು ಹುಟ್ಟಿದ್ದು 1989ರ ನಾಸಾ ವರದಿಯಿಂದ. ವುಲ್ವರ್ಟನ್ ಮತ್ತು ಸಂಗಡಿಗರು ಗಿಡಗಳನ್ನು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಆವಿ ಬಿಟ್ಟು, ಅದು ಎಷ್ಟು ಇಳಿಯುತ್ತದೆಂದು ಅಳೆದರು. ಇಳಿದದ್ದು ನಿಜ. ಆದರೆ ನಾವು ಬದುಕುವುದು ಮುಚ್ಚಿದ ಪೆಟ್ಟಿಗೆಯಲ್ಲಲ್ಲ. 2019ರಲ್ಲಿ ಕಮ್ಮಿಂಗ್ಸ್ ಮತ್ತು ವೇರಿಂಗ್ ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರು. ಕಟ್ಟಡದೊಳಗೆ ತಾನಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ, ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕೆಂದು ಅವರು ಕಂಡುಕೊಂಡರು. ಕೋಲ್ಕತ್ತದ ಡಿಸೆಂಬರಿನ ಹೊಗೆಮಂಜಿನಲ್ಲಿ ಕೆಮ್ಮುವ ಅಜ್ಜನ ಮಂಚದ ಪಕ್ಕ ಒಂದು ಬಾಟಲಿ ಇಟ್ಟು ನೆಮ್ಮದಿ ಪಡುವುದು ಅಪಾಯದ ನೆಮ್ಮದಿ.

ಬಾಟಲಿಯ ನೀರಿನಿಂದಲೂ ಅಪಾಯ ಉಂಟು. ಮಳೆಗಾಲ ಬಂದರೆ ಇಲ್ಲಿ ಡೆಂಗಿಯ ಭಯ. ನಿಂತ ತಿಳಿನೀರಿನಲ್ಲೇ ಈಡಿಸ್ ಸೊಳ್ಳೆ ಬೆಳೆಯುವುದು, ಮೊಟ್ಟೆಯೊಡೆದು ರೆಕ್ಕೆ ಬರಲು ವಾರ, ಹತ್ತು ದಿನ ಸಾಕು.

ಆದರೆ ನನ್ನ ದೊಡ್ಡ ತಕರಾರು ಬೆಳಕಿನದು. ಈ ಬಳ್ಳಿ ಪೆಸಿಫಿಕ್ ಸಾಗರದ ಮೊಓರಿಯಾ ದ್ವೀಪದ್ದು. ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಅದಕ್ಕೇ ಎಲೆ ಜಗಿದರೆ ಬಾಯಿ ತುರಿಸುತ್ತದೆ, ಮಗು, ನಾಯಿ ಇರುವವರು ನೆನಪಿಡಬೇಕು. ಸಸ್ಯಶಾಸ್ತ್ರದ ಹೆಸರಿನಲ್ಲಿರುವ 'ಆರಿಯಮ್' ಎಂದರೆ ಹೊನ್ನಿನ ಬಣ್ಣದ್ದು. ಆ ಹೊನ್ನು ಎಲೆಯಲ್ಲಿ ಹರಿತ್ತು ಕಡಿಮೆಯಿರುವ ಜಾಗ. ಬೆಳಕು ಸಾಲದ ಮೂಲೆಗೆ ತಳ್ಳಿದರೆ ಹೊಸ ಎಲೆಗಳು ಹಸಿರಾಗುತ್ತ ಹೋಗುತ್ತವೆ, ಚಿಕ್ಕದಾಗುತ್ತವೆ, ಗೆಣ್ಣಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತದೆ. ಬದುಕುತ್ತದೆ, ಸರಿ. ಆದರೆ ಬದುಕುವುದೇ ಬೇರೆ, ಬೆಳೆಯುವುದೇ ಬೇರೆ.

ನಮ್ಮ ಓಣಿಯ ಮಾವಿನ ಬೊಡ್ಡೆಗೆ ಒಂದು ಬಳ್ಳಿ ಅಂಟಿಕೊಂಡು ಹತ್ತಿದೆ. ಎಲೆ ಒಂದೊಂದೂ ಮೊರದಗಲ, ಅಂಚಿನಿಂದ ಒಳಕ್ಕೆ ಸೀಳಿದಂತೆ, ಉದ್ದಕ್ಕೂ ಹಳದಿ ಪಟ್ಟೆ. ಅದೂ ಮನಿ ಪ್ಲಾಂಟೇ ಎಂದರೆ ಪಕ್ಕದ ಮನೆಯ ಮಾಶಿಮಾ ನಂಬಲಿಲ್ಲ. ಹತ್ತಲು ಆಸರೆ ಸಿಕ್ಕಿದರೆ ಎಲೆ ಹಿರಿದಾಗುತ್ತದೆ, ಜೋತುಬಿಟ್ಟರೆ ಕಿರಿದಾಗುತ್ತದೆ. ತೂಗುಕುಂಡದಲ್ಲಿ ಮಾತ್ರ ಇದನ್ನು ನೋಡಿದವರು ಗಿಡದ ಬಾಲ್ಯವನ್ನಷ್ಟೇ ನೋಡಿದ್ದಾರೆ.

ನನಗೂ ಇದು ತಡವಾಗಿ ತಿಳಿಯಿತು. ಊಟದ ಮನೆಯ ಮೂಲೆಯಲ್ಲಿದ್ದ ಕುಂಡಕ್ಕೆ, ಇಲ್ಲಿಯವರ ಪದ್ಧತಿಯಂತೆ ಸಾಸಿವೆ ಹಿಂಡಿ ಕೊಳೆಸಿದ ನೀರನ್ನು ತಿಂಗಳುಗಟ್ಟಲೆ ಹೊಯ್ದೆ. ಹಸಿರು ದಟ್ಟವಾಯಿತೇ ಹೊರತು ಒಂದು ಹಳದಿ ಚುಕ್ಕೆ ಬರಲಿಲ್ಲ. ಪೂರ್ವದ ಬಾಲ್ಕನಿಗೆ ಸಾಗಿಸಿ, ಒಂಬತ್ತು ಗಂಟೆವರೆಗಿನ ಎಳೆಬಿಸಿಲು ಬೀಳುವಂತೆ ಇಟ್ಟ ಮೇಲೆ ಮೂರನೆಯ ಎಲೆ ಚಿನ್ನದ ಗೀರು ಹೊತ್ತು ಬಿಚ್ಚಿಕೊಂಡಿತು. ಏಪ್ರಿಲ್, ಮೇ ತಿಂಗಳ ನಡುಹಗಲ ಬಿಸಿಲು ಮಾತ್ರ ಎಲೆ ಸುಡುತ್ತದೆ, ಆಗ ಸರಿಸಿಕೊಳ್ಳಬೇಕು.

ಮಣ್ಣಿನ ಬಗ್ಗೆ ಎರಡು ಮಾತು. ಈ ಊರು ನಿಂತಿರುವುದೇ 1960ರ ದಶಕದಲ್ಲಿ ಹೂಗ್ಲಿ ನದಿಯಿಂದ ಕೊಳವೆಯಲ್ಲಿ ತಂದು ಜವುಗಿಗೆ ತುಂಬಿದ ಹೂಳಿನ ಮೇಲೆ. ಅಂಗಳದ ಈ ನಯವಾದ ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಿದರೆ ನೀರು ಹಾಕುತ್ತ ಹಾಕುತ್ತ ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಅರ್ಧ ಪಾಲು ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ. ನಡುವೆ ನಾರು ಸುತ್ತಿದ ಕೋಲು ನೆಟ್ಟು ಅದನ್ನು ಒದ್ದೆಯಾಗಿಡಿ, ಗಾಳಿಬೇರು ಕಚ್ಚಿಕೊಳ್ಳುತ್ತದೆ.

ನೆಡಲು ಬಳ್ಳಿಯ ತುಂಡು ಆರಿಸುವಾಗ ಎಲೆಗಿಂತ ದಂಟನ್ನು ನೋಡಿ. ದಂಟಿನ ಮೇಲೂ ಹಳದಿ ಗೆರೆ ಓಡಿರುತ್ತದೆ. ಆ ಗೆರೆ ಹಾದುಹೋಗುವ ಗೆಣ್ಣಿನ ಮೊಗ್ಗಿನಿಂದಲೇ ಹೊನ್ನೆಲೆಯ ಕುಡಿ ನಿರೀಕ್ಷಿಸಬಹುದು. ಬರೀ ಹಸಿರು ದಂಟಿನ ತುಂಡು ನೆಟ್ಟರೆ ಬರುವುದೂ ಹಸಿರೇ. ಕತ್ತರಿಯನ್ನು ಗೆಣ್ಣಿಗಿಂತ ಒಂದು ಬೆರಳು ಕೆಳಗೆ ಇಡಿ, ಗಾಳಿಬೇರಿನ ಮೊಳಕೆ ತುಂಡಿನ ಜೊತೆಗೇ ಬರಲಿ.